ಗುರುವಾರ ಮುಗಿಯುತ್ತಿದ್ದ ಸೆಟ್ಟುಗಳು

ಬಳಪದ ತುಂಡಿನಷ್ಟು ಉದ್ದ, ಬಿಳಿ ಬಣ್ಣ, ಎರಡು ತುದಿಗೂ ಒಂದೊಂದು ತಂತಿ. ಮೈಮೇಲೆ ಕಪ್ಪು ಶಾಯಿಯಲ್ಲಿ ಅಚ್ಚಾದ ಅಂಕಿ: ನಾಲ್ಕು ಪಾಯಿಂಟ್ ಏಳು ಓಮ್, ಐದು ವ್ಯಾಟ್. ಬೆರಳಿನಲ್ಲಿ ಸವರಿದರೆ ಸುಣ್ಣದ ಗೋಡೆ ಮುಟ್ಟಿದ ಹಾಗೆ ಒರಟು. ಸ್ಪೀಕರ್ ಪೆಟ್ಟಿಗೆಯ ಒಳಗೆ ಈ ರೆಸಿಸ್ಟರಿಗೆ ಇರುವುದು ಒಂದೇ ಕೆಲಸ. ಮೇಲುಗಡೆಯ ಸಣ್ಣ ಬಾಯಿಗೆ, ಅಂದರೆ ಟ್ವೀಟರಿಗೆ, ಎಷ್ಟು ಹೋಗಬೇಕೋ ಅಷ್ಟನ್ನೇ ಬಿಡುವುದು. ಅಂಕಿ ಚಿಕ್ಕದಾದಷ್ಟೂ ತಾಳ, ಗೆಜ್ಜೆ, ಹಾಡುವವರ ಸಕಾರಗಳು ಚೂಪಾಗಿ ಕೇಳುತ್ತವೆ. ದೊಡ್ಡದಾದಷ್ಟೂ ಮೆತ್ತಗಾಗುತ್ತವೆ.

ಬೇರೆಬೇರೆ ಅಂಕಿಯ ಇಂಥವು ಅರವತ್ತೆರಡು ನನ್ನ ಹತ್ತಿರ ಒಂದು ಪೆಪ್ಪರಮೆಂಟಿನ ಡಬ್ಬಿಯಲ್ಲಿವೆ. ಒಂದೊಂದು ಜೋಡಿಯನ್ನೂ ದಾರದಿಂದ ಕಟ್ಟಿ ಚೀಟಿ ಅಂಟಿಸಿದ್ದೇನೆ. ಅವು ಹೇಗೆ ನನ್ನ ಹತ್ತಿರ ಬಂದವು ಎಂದು ಹೇಳುವುದಕ್ಕೆ ಮೊದಲು ಕೆಲಸದ ವಿಷಯ ಸ್ವಲ್ಪ ಹೇಳಬೇಕು.

ತಿಪಟೂರಿನಲ್ಲಿ ನಜೀರ್ ಸಾಹೇಬ್ರ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಸೇರಿದಾಗ ನನಗೆ ಇಪ್ಪತ್ತಮೂರು. ಕೊನೆಯ ಸಲ ಷಟರ್ ಎಳೆದಾಗ ಮೂವತ್ತನಾಲ್ಕು. ಸಾಹೇಬ್ರು ವಯಸ್ಸಾಗಿ ಕೆಲಸ ನಿಲ್ಲಿಸಿದರು. ಅವರಿಲ್ಲದೆ ಅಲ್ಲಿ ಕೂರುವ ಮನಸ್ಸು ನನಗಾಗಲಿಲ್ಲ. ಈ ವಯಸ್ಸಿಗೆ ನಿವೃತ್ತಿ ಎಂದರೆ ಮಾತು ದೊಡ್ಡದಾಯಿತು. ಆದರೆ ಆ ಕೆಲಸಕ್ಕೆ ಮತ್ತೆ ಹೋಗುವುದಿಲ್ಲ, ಹಾಗಾಗಿ ಬೇರೆ ಮಾತೂ ಸಿಗುತ್ತಿಲ್ಲ. ಮೊನ್ನೆ ಚಿಕ್ಕನಾಯಕನಹಳ್ಳಿಯ ಒಬ್ಬಳು ಡಿಪ್ಲೊಮಾ ಹುಡುಗಿ, ದುಬಾರಿ ಆಡಿಯೋ ಮಾರುವ ಕಂಪನಿಯೊಂದರ ಸರ್ವಿಸ್ ವಿಭಾಗಕ್ಕೆ ಸೇರುವವಳು, "ಅಕ್ಕ, ಅಲ್ಲಿ ನಿಜ್ವಾಗ್ಲೂ ಏನ್ ಕೆಲ್ಸ ಇರುತ್ತೆ?" ಎಂದು ಕೇಳಿದಳು. ನಾನು ಮಾತಿನಲ್ಲಿ ಹೇಳುವವಳಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅಂಗಡಿಯಲ್ಲಿ ಪರದೇಶದ ಸೆಟ್ಟುಗಳ ರಿಪೇರಿ ಇತ್ತು. ಜೊತೆಗೆ ಸಾಹೇಬ್ರು ತಾವೇ ಆಂಪ್ಲಿಫೈಯರ್, ಸ್ಪೀಕರ್ ಕಟ್ಟುತ್ತಿದ್ದರು. ಹಲಸಿನ ಮರದ ಪೆಟ್ಟಿಗೆ, ಮುಂದೆ ಹತ್ತಿಬಟ್ಟೆಯ ತೆರೆ, ಬಲಗಡೆ ಕೆಂಪು ಗಾಜಿನ ಒಂದು ಪುಟ್ಟ ದೀಪ. ತಿಂಗಳಿಗೆ ಒಂದು ಸೆಟ್ಟು, ಹೆಚ್ಚೆಂದರೆ ಎರಡು. ಕೊಬ್ಬರಿ ಮಂಡಿಯವರು, ತೋಟದವರು, ಹೈಸ್ಕೂಲು ಮೇಷ್ಟರು, ಇಬ್ಬರು ಡಾಕ್ಟರು, ಹೀಗೆ ಗಿರಾಕಿಗಳು. ಕಿವಿಯ ವಿಷಯದಲ್ಲಿ ಅವರಷ್ಟು ಹಟದವರನ್ನು ನಾನು ಆಮೇಲೂ ಕಂಡಿಲ್ಲ. ಅದಕ್ಕೆ ಕಾರಣವೂ ಇದೆ. ಈ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಆಗಿದೆಯೋ ಇಲ್ಲವೋ ನೋಡಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಿಟುಕು ಉರುಳುವ ಸದ್ದಿನಲ್ಲೇ ಇದು ಆಗಿದೆ, ಇದಕ್ಕೆ ಇನ್ನೊಂದು ತಿಂಗಳು ಬೇಕು, ಇದು ಕೊಳೆತಿದೆ ಎಂದು ಹೇಳುತ್ತಾರೆ. ಅಂಥ ಕಿವಿಗಳ ಮುಂದೆ ಸ್ಪೀಕರ್ ಇಟ್ಟು ಕೂರುವುದು ಪರೀಕ್ಷೆಗೆ ಕೂತ ಹಾಗೆ.

ಅವರ ಅಭಿಪ್ರಾಯಗಳು ಕಂಪನಿಯವರ ಪುಸ್ತಕದಲ್ಲಿ ಇರುವಂಥವಲ್ಲ. ಮಂಡಿಯ ಚನ್ನಬಸಪ್ಪನವರು ಆಂಪ್ಲಿಫೈಯರನ್ನು ಮೊದಲು ಎರಡೂ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಒಮ್ಮೆ ಒಂದು ಹೊಸ ಮಾದರಿಯನ್ನು ಎತ್ತಿ, ಹಾಗೇ ಕೆಳಗಿಟ್ಟು, "ಇದು ಜೊಳ್ಳು ಕಾಯಿ ಕಣ್ರೀ ಸಾಹೇಬ್ರೇ, ತೂಕನೇ ಇಲ್ಲ. ಇದ್ರೊಳಗಿಂದ ಎಲ್ಲಿ ಬತ್ತದೆ ಸೌಂಡು?" ಎಂದರು. ಹೊಸ ಬಗೆಯ ಪವರ್ ಸಪ್ಲೈ ಹಗುರವಾಗಿಯೇ ಇರುತ್ತದೆ, ಅದು ದೋಷವಲ್ಲ ಎಂದು ನಾನು ಐದು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ನೀವು ಓದಿರೋರು, ಸರಿಯಾಗೇ ಹೇಳ್ತೀರಿ ತಾಯಿ. ಆದ್ರೂ ನಂಗೆ ಭಾರದ್ದೇ ಕೊಡಿ" ಎಂದರು. ಅದೇ ವಾರ ರಿಪೇರಿಗೆ ಬಂದ ಇನ್ನೊಂದು ಕಂಪನಿಯ ಸೆಟ್ಟು ಬಿಚ್ಚಿದರೆ, ತಳದಲ್ಲಿ ಯಾವುದಕ್ಕೂ ಸಂಬಂಧವಿಲ್ಲದ ಒಂದು ಕಬ್ಬಿಣದ ಪಟ್ಟಿಯನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ಚನ್ನಬಸಪ್ಪನಂಥವರು ಎಲ್ಲ ದೇಶದಲ್ಲೂ ಇದ್ದಾರೆಂದು ಆವತ್ತು ಗೊತ್ತಾಯಿತು.

ಭಾನುವಾರ ಮಧ್ಯಾಹ್ನ ಅಂಗಡಿಯಲ್ಲಿ ನಾಲ್ಕೈದು ಜನ ಸೇರಿ ವಾದ ಮಾಡುತ್ತಿದ್ದರು. ಹಳೆಯ ಗಾಜಿನ ವಾಲ್ವ್ ಮೇಲೋ ಹೊಸ ಚಿಪ್ ಮೇಲೋ ಎಂಬುದು ಹಳೆಯ ಜಗಳ. ಅದು ಮುಗಿದ ಮೇಲೆ ಸೆಟ್ಟು ಕಣ್ಣಿಗೆ ಹೇಗಿರಬೇಕು ಎಂಬ ಜಗಳ. ಹೊಸ ಸೆಟ್ಟುಗಳ ನೀಲಿ ದೀಪವನ್ನು ಯಾರೂ ಒಪ್ಪುತ್ತಿರಲಿಲ್ಲ. ನಮ್ಮ ಮೇಷ್ಟರೊಬ್ಬರು ಅದರ ಮೇಲೆ ಕರಿ ಟೇಪು ಅಂಟಿಸಿ, "ನಾನು ಹಾಡು ಕೇಳಕ್ಕೆ ಕೂತಿದೀನಾ, ಇದು ನನ್ನ ನೋಡಕ್ಕೆ ಕೂತೈತಾ?" ಎಂದಿದ್ದರು. ವಾಲ್ಯೂಮ್ ನಾಬಿನ ವಿಷಯಕ್ಕಂತೂ ಒಂದು ಇಡೀ ಭಾನುವಾರ ಹೋಗಿತ್ತು. ಬೆರಳಿಗೆ ತಣ್ಣಗೆ ಹತ್ತಬೇಕು, ತಿರುಗಿಸಿದರೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಬೇಕು, ಬಿಟ್ಟ ಕಡೆ ನಿಲ್ಲಬೇಕು. ರಿಮೋಟಿನಲ್ಲಿ ಸದ್ದು ಏರಿಸಿದರೆ ಏರಿಸಿದ್ದು ತಾವೇ ಎಂದು ಅನಿಸುವುದಿಲ್ಲವಂತೆ. ನಗು ಬರುತ್ತಿತ್ತು. ಈಗ ಫೋನಿನ ಗಾಜಿನ ಮೇಲೆ ಬೆರಳು ಎಳೆದು ಸದ್ದು ಏರಿಸುವಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಸಾಹೇಬ್ರು ವಾದಕ್ಕೆ ಇಳಿಯುತ್ತಿರಲಿಲ್ಲ. ಕೇಳಿಸಿಕೊಂಡು ಪೆಟ್ಟಿಗೆ ಬದಲಾಯಿಸುತ್ತಿದ್ದರು. ನಾನು ಸೇರಿದ ವರ್ಷ ಮೂರು ಆಂಪ್ಲಿಫೈಯರ್ ಸುಟ್ಟು ಬಂದವು. ನಾನು ಸರ್ಕ್ಯೂಟಿನಲ್ಲಿ ತಪ್ಪು ಹುಡುಕುತ್ತಿದ್ದೆ. ಸಾಹೇಬ್ರು ಒಂದು ಮನೆಗೆ ಹೋಗಿ ನೋಡಿಕೊಂಡು ಬಂದು, "ಕ್ರೋಷಾ ಕಣಮ್ಮ" ಎಂದರು. ಮನೆಯ ಹೆಂಗಸರು ಸೆಟ್ಟಿಗೆ ಧೂಳು ಕೂರಬಾರದೆಂದು ಕ್ರೋಷಾದಲ್ಲಿ ಹೂ ಹೆಣೆದು ಹೊದಿಸಿದ್ದರು. ಮೇಲಿನ ಗಾಳಿಕಂಡಿಗಳೆಲ್ಲ ಅದರಡಿ ಮುಚ್ಚಿಹೋಗಿದ್ದವು. ಹೊದಿಸಬೇಡಿ ಎಂದು ಒಂದು ಚೀಟಿ ಅಂಟಿಸೋಣ ಎಂದೆ.

"ಅಷ್ಟು ಪ್ರೀತಿಯಿಂದ ಹಾಕಿರೋದನ್ನ ತೆಗೀರಿ ಅಂತ ಹೇಳೋಕಾಗುತ್ತಾ? ತೂತು ಪಕ್ಕಕ್ಕೆ ಕೊರಿ, ಇಂಜಿನಿಯರಮ್ಮ."

ನಾನು ಇಂಜಿನಿಯರಲ್ಲ, ಎಂ.ಎಸ್ಸಿ. ಎಂದು ಮೊದಲ ತಿಂಗಳೇ ತಿದ್ದಿದ್ದೆ. ಕೊನೆಯ ದಿನದವರೆಗೂ ಅವರು ಹಾಗೇ ಕರೆದರು. ಆಮೇಲೆ ನಮ್ಮ ಯಾವ ಸೆಟ್ಟಿಗೂ ಮೇಲೆ ಕಂಡಿ ಇರಲಿಲ್ಲ, ಯಾವುದೂ ಸುಡಲೂ ಇಲ್ಲ.

ನನ್ನ ಮೊದಲ ದೊಡ್ಡ ತಪ್ಪು ಹುಳಿಯಾರಿನಲ್ಲಿ ಆಯಿತು. ಒಂದು ಬಟ್ಟೆ ಅಂಗಡಿಯವರ ಮನೆಗೆ ಒಬ್ಬಳೇ ಹೋಗಿ ಸೆಟ್ಟು ಕೂರಿಸಿದೆ. ಎಲ್ಲ ಸರಿಯಿದೆ ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡಾಗ ಮನೆಯ ಯಜಮಾನರು, "ತಪ್ಪು ತಿಳ್ಕೋಬೇಡಿ. ಹಾಡೋನು ಎದುರುಗಡೆ ಇಲ್ಲ. ನನ್ನ ತಲೆ ಒಳಗೇ ಕೂತವ್ನೆ" ಎಂದರು. ನನಗೆ ಅದು ಗಿರಾಕಿಗಳ ಗೊಣಗಾಟ ಅನಿಸಿತು. ಹೊಸ ಸೆಟ್ಟು, ಕಿವಿಗೆ ರೂಢಿಯಾಗಬೇಕು ಎಂದು ಹೇಳಿ ಬಸ್ಸು ಹತ್ತಿದೆ. ಬಸ್ಸು ಚಿಕ್ಕನಾಯಕನಹಳ್ಳಿ ದಾಟುವ ಹೊತ್ತಿಗೆ ಹೊಳೆಯಿತು. ಎಡಗಡೆಯ ಪೆಟ್ಟಿಗೆಗೆ ಕೆಂಪು ತಂತಿಯ ಜಾಗದಲ್ಲಿ ಕಪ್ಪು ಹಾಕಿದ್ದೆ. ಒಂದು ಪೆಟ್ಟಿಗೆ ತಳ್ಳುವಾಗ ಇನ್ನೊಂದು ಎಳೆಯುತ್ತಿದ್ದರೆ ಹಾಡು ಎದುರಿಗೆ ನಿಲ್ಲದೆ ಸರಿಯಾಗಿ ಹಾಗೆಯೇ ಕೇಳುತ್ತದೆ, ತಲೆಯೊಳಗೆ. ಪುಸ್ತಕದಲ್ಲಿ ಎರಡು ಪುಟ ಹಿಡಿಯುವ ವಿಷಯವನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು. ಮಾರನೆಯ ದಿನ ಹೋಗಿ ಸರಿಮಾಡಿ ಕ್ಷಮೆ ಕೇಳಿದೆ. ಸಾಹೇಬ್ರು ಬೈಯಲಿಲ್ಲ. ಅವತ್ತಿನಿಂದ ಗಿರಾಕಿ ಹೇಳಿದ್ದನ್ನು ಅವರ ಮಾತಿನಲ್ಲೇ, ಒಂದಕ್ಷರ ತಿದ್ದದೆ ಬರೆದುಕೊಂಡು ಬಾ ಎಂದರು. ಇದೊಂದು ಅಭ್ಯಾಸವನ್ನು ಹೊಸಬರು ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕು.

ಐದನೆಯ ವರ್ಷದ ಹೊತ್ತಿಗೆ ನಾನು ಅಳತೆಯ ಮೈಕು ತಂದೆ. ಅಲ್ಲಿಯವರೆಗೆ ಸಾಹೇಬ್ರು ಪ್ರತಿ ಸೆಟ್ಟನ್ನೂ ಕಿವಿಯಿಂದಲೇ ಹದ ಮಾಡುತ್ತಿದ್ದರು. ಸ್ಟೂಲಿನ ಮೇಲೆ ಕಣ್ಣುಮುಚ್ಚಿ ಕೂತು, ಒಂದು ರೆಸಿಸ್ಟರ್ ತೆಗೆಸಿ ಇನ್ನೊಂದು ಹಾಕಿಸಿ, ಕೊನೆಗೆ "ಬಸ್", ಅಂದರೆ ಸಾಕು, ಎನ್ನುವರು. ಮೈಕು ಪೆಟ್ಟಿಗೆಯ ಮುಂದಿಟ್ಟು ಕೆಳಗಿನ ಸ್ವರದಿಂದ ಮೇಲಿನದರವರೆಗೆ ಯಾವುದು ಎಷ್ಟು ಜೋರು ಎಂದು ತೋರಿಸುವ ಗೆರೆಯನ್ನು ಲ್ಯಾಪ್‌ಟಾಪಿನಲ್ಲಿ ಬರಿಸಿದಾಗ ಅವರಿಗೆ ಮಕ್ಕಳ ಹಾಗೆ ಖುಷಿ. "ಇದು ನನ್ನ ಕಿವಿದು ಎಕ್ಸ್‌ರೇ ತೆಗ್ದಂಗಾಯ್ತು" ಎಂದರು. ಮೊದಮೊದಲು ಅವರ ಕಿವಿಗೂ ಗೆರೆಗೂ ಕೂದಲೆಳೆಯ ವ್ಯತ್ಯಾಸ ಬಂದರೆ ಹೆಚ್ಚು. ನನಗೆ ಆಶ್ಚರ್ಯವಾಗುತ್ತಿತ್ತು.

ಎಂಟನೆಯ ವರ್ಷದಲ್ಲಿ ಗೆರೆಯ ಬಲತುದಿ ಎದ್ದು ನಿಲ್ಲತೊಡಗಿತು. ಬಲತುದಿ ಎಂದರೆ ತೀರ ಮೇಲಿನ ಸ್ವರಗಳು. ಅಂಗಡಿಯಲ್ಲಿ ಒಂದು ಉದ್ದನೆಯ ಪುಸ್ತಕವಿತ್ತು. ಪ್ರತಿ ಸೆಟ್ಟಿಗೂ ಒಂದು ಸಾಲು. ಪೆಟ್ಟಿಗೆಯ ಅಳತೆ, ಹಾಕಿದ ಬಿಡಿಭಾಗ, ಕೊನೆಗೆ "ಕೇಳಿದವರು" ಎಂಬ ಕಾಲಮ್ಮು. ಅದರಲ್ಲಿ ಸಾಹೇಬ್ರ ಸಹಿ. ನಾನು ಹಿಂದಿನ ಪುಟಗಳನ್ನು ತಿರುವಿ ಟ್ವೀಟರಿನ ರೆಸಿಸ್ಟರುಗಳನ್ನು ನೋಡುತ್ತ ಬಂದೆ. ಮೊದಲು ಎಲ್ಲ ಕಡೆ ನಾಲ್ಕು ಪಾಯಿಂಟ್ ಏಳು. ಆಮೇಲೆ ಮೂರು ಪಾಯಿಂಟ್ ಒಂಬತ್ತು. ಮೂರು ಪಾಯಿಂಟ್ ಮೂರು. ಆ ತಿಂಗಳದ್ದು ಎರಡು ಪಾಯಿಂಟ್ ಏಳು.

ಅವರಿಗೆ ಮೇಲಿನ ಸ್ವರಗಳು ಕೇಳುವುದು ಕಡಿಮೆಯಾಗುತ್ತಿತ್ತು. ತಮಗೆ ಸರಿ ಎನಿಸುವಷ್ಟು ಕೇಳಲೆಂದು ಸೆಟ್ಟಿನಲ್ಲಿ ಅದನ್ನು ಹೆಚ್ಚಿಸುತ್ತ ಹೋಗಿದ್ದರು. ವಯಸ್ಸಾದವರಿಗೆ ಸಾಮಾನ್ಯವಾಗಿ ಆಗುವುದೇ. ಆದರೆ ತಿಪಟೂರಿನಲ್ಲಿ ಜನ "ಸಾಹೇಬ್ರ ಕಿವಿ" ಎಂದೇ ಸೆಟ್ಟಿಗೆ ಬರುತ್ತಿದ್ದರು. ಅಂಗಡಿಗೊಂದು ಬೋರ್ಡು ಕೂಡ ಇರಲಿಲ್ಲ. ಇದನ್ನು ಅವರಿಗೆ ಹೇಗೆ ಹೇಳುವುದು? ನಾನು ಎರಡು ಸಲ ಮಾತು ಶುರು ಮಾಡಿ ಬೇರೆ ಏನೋ ಕೇಳಿ ಸುಮ್ಮನಾದೆ. ಮಂಡಿಯಿಂದ ಒಬ್ಬರು ಬಂದು, "ಸಾಹೇಬ್ರೇ, ಈ ಸಲದ್ದು ಯಾಕೋ ಕಿವಿಗೆ ಚುಚ್ಚುತ್ತೆ" ಎಂದರು. ಸಾಹೇಬ್ರು ನಕ್ಕರು. ಗಿರಾಕಿ ಹೋದ ಮೇಲೆ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತಿದ್ದರು.

ಆ ಶುಕ್ರವಾರ ಮಧ್ಯಾಹ್ನ ಅವರು ನಮಾಜಿಗೆ ಹೋದಾಗ ನಾನು ಮುಗಿದ ಸೆಟ್ಟಿನ ಹಿಂದಿನ ಹಲಗೆ ಬಿಚ್ಚಿದೆ. ಅವರು ಹಾಕಿದ ಎರಡು ಪಾಯಿಂಟ್ ಏಳನ್ನು ಎರಡೂ ಪೆಟ್ಟಿಗೆಯಿಂದ ತೆಗೆದು ನಾಲ್ಕು ಪಾಯಿಂಟ್ ಏಳು ಬೆಸೆದೆ. ಹಲಗೆ ಮುಚ್ಚಿ, ಸ್ಕ್ರೂ ಬಿಗಿದು, ಕೈ ತೊಳೆದುಕೊಂಡು ಕೂತೆ. ಪುಸ್ತಕದಲ್ಲಿ ಅವರ ಅಂಕಿ, ಅವರ ಸಹಿ ಹಾಗೇ ಇತ್ತು. ಮುಂದಿನ ಸೆಟ್ಟಿಗೂ ಹಾಗೇ ಮಾಡಿದೆ. ನಂತರ ಅದು ಕ್ರಮವಾಯಿತು. ಎರಡೂವರೆ ವರ್ಷ, ಮೂವತ್ತೊಂದು ಸೆಟ್ಟು. ಚುಚ್ಚುತ್ತೆ ಎಂದು ಮತ್ತೆ ಯಾರೂ ಬರಲಿಲ್ಲ. ತೆಗೆದ ಜೋಡಿಗಳನ್ನು ಎಸೆಯಲು ಮಾತ್ರ ಆಗಲಿಲ್ಲ.

ಇಪ್ಪತ್ತೈದನೆಯದೋ ಇಪ್ಪತ್ತಾರನೆಯದೋ ಚನ್ನಬಸಪ್ಪನವರ ಸೆಟ್ಟು. ಕಿಬ್ಬನಹಳ್ಳಿಯಿಂದ ಸ್ವಲ್ಪ ಒಳಗೆ ಅವರ ತೋಟ, ಮನೆ. ಸೆಟ್ಟು ಅವರ ಹೆಸರಿನಲ್ಲಿದ್ದರೂ ಕೇಳುವವರು ಅವರ ಹೆಂಡತಿ ಗಿರಿಜಮ್ಮ. ಅಟ್ಟದ ಕಾಯಿಯನ್ನು ಅಲ್ಲಾಡಿಸಿ ಆರಿಸುವುದರಲ್ಲಿ ಆ ಸುತ್ತಿಗೆ ಅವರದೇ ಕೊನೆಯ ಮಾತು. ಸೆಟ್ಟು ಕೂರಿಸಿದ ದಿನ ನಡುಮನೆಯ ಕಂಬಕ್ಕೆ ಒರಗಿ ಕೂತು ಒಂದು ಇಡೀ ಹಾಡು ಕೇಳಿ, "ಪಕ್ಕದಲ್ಲಿ ಕೂತು ಹಾಡ್ದಂಗೈತೆ ಕಣವ್ವ" ಎಂದಿದ್ದರು. ಚನ್ನಬಸಪ್ಪನವರು ಹತ್ತು ಜನರನ್ನು ಕರೆದು ಕೇಳಿಸಿದರು.

ಐದು ತಿಂಗಳ ಮೇಲೆ ಫೋನು ಬಂತು. ನಾನು ಹೋದೆ.

"ಗಂಟ್ಲು ಕಟ್ಟಿ, ಕೊಡದೊಳಗೆ ಮುಖ ಇಟ್ಟು ಹಾಡ್ದಂಗಾಗದೆ" ಎಂದರು ಗಿರಿಜಮ್ಮ. ಅದನ್ನು ಹಾಗೇ ಬರೆದುಕೊಂಡೆ.

"ಇವ್ಳಿಗೆ ಹಂಗೇ. ನಂಗೇನೂ ಗೊತ್ತಾಗ್ತಿಲ್ಲಪ್ಪ" ಎಂದರು ಚನ್ನಬಸಪ್ಪ.

"ನಿಮ್ಗೆ ಭಾರ ಗೊತ್ತಾಗ್ತದೆ, ಸಾಕು ಬುಡಿ."

ಹಾಕಿ ಕೇಳಿದೆ. ಅವರು ಹೇಳಿದ್ದು ನಿಜ. ಹಾಡಿನ ಹಿಂದೆ ಏನೋ ಗದ್ದಲ, ಗಟ್ಟಿಯಾದ ಅಕ್ಷರಗಳಿಗೆ ಬಾಲ. ಮೈಕನ್ನು ಪೆಟ್ಟಿಗೆಯ ಮುಂದಿಟ್ಟು ಅಳೆದೆ. ಗೆರೆ ಸರಿಯಿತ್ತು. ಪೆಟ್ಟಿಗೆ ಬಿಚ್ಚಿದರೆ ನನ್ನ ನಾಲ್ಕು ಪಾಯಿಂಟ್ ಏಳು ನಾನು ಬೆಸೆದ ಹಾಗೇ ಇತ್ತು. ಇಷ್ಟು ವರ್ಷ ಹದ ಕೆಟ್ಟಿದ್ದೆಲ್ಲ ಸಾಹೇಬ್ರ ಕಿವಿಯಿಂದ ಎಂದು ನಂಬಿದ್ದ ನನಗೆ, ಇದೂ ಅವರು ಇನ್ನೆಲ್ಲೋ ಮಾಡಿದ ತಪ್ಪೇ ಇರಬೇಕು ಎನಿಸಿತು. ಪೆಟ್ಟಿಗೆಯ ಉಳಿದ ಭಾಗಗಳನ್ನೆಲ್ಲ ಒಂದೊಂದಾಗಿ ಅನುಮಾನಿಸಿದೆ. ಎರಡನೆಯ ಸಲ ಹೋಗಿ ಆರು ಪಾಯಿಂಟ್ ಎಂಟು ಹಾಕಿ ಬಂದೆ. ಚೂಪು ಕಡಿಮೆಯಾಯಿತು, ಗದ್ದಲ ಹೋಗಲಿಲ್ಲ. ವಾರ ಕಳೆದು ಗಿರಿಜಮ್ಮನೇ ಅಂಗಡಿಗೆ ಫೋನು ಮಾಡಿದರು. ಎತ್ತಿದ್ದು ಸಾಹೇಬ್ರು.

"ನಿಮ್ಮ ಹುಡುಗಿ ಎರಡು ಸಲ ಬಂದು ಹೋಯ್ತು ಸಾಹೇಬ್ರೇ. ಪಾಪ, ಕಷ್ಟ ಪಡ್ತದೆ. ನೀವೇ ಒಂದು ಸಲ ಬಂದು ಕಿವಿ ಕೊಡಿ."

ಅವರು ಫೋನಿಟ್ಟು, "ಸೋಮವಾರ ಹೋಗೋಣ" ಎಂದರು. ಅವರು ಹೋದರೆ ಪೆಟ್ಟಿಗೆ ಬಿಚ್ಚುತ್ತಾರೆ. ಬಿಚ್ಚಿದರೆ ತಾವು ಹಾಕಿದ, ಅಷ್ಟರಲ್ಲಿ ಇನ್ನೂ ಇಳಿದಿದ್ದ ಎರಡು ಪಾಯಿಂಟ್ ಎರಡರ ಜಾಗದಲ್ಲಿ ಬೇರೆಯದನ್ನು ನೋಡುತ್ತಾರೆ. ಯಾರು ಹಾಕಿದ್ದು, ಯಾಕೆ ಹಾಕಿದ್ದು ಎರಡಕ್ಕೂ ಉತ್ತರ ಒಂದೇ. ಅದನ್ನು ಅವರು ಗಿರಾಕಿಯ ಮನೆಯಲ್ಲಿ, ಗಿರಾಕಿಯ ಎದುರಿಗೆ ತಿಳಿಯಬೇಕಾಗುತ್ತದೆ. ಭಾನುವಾರವೇ ಅವರ ಮನೆಗೆ ಹೋಗಿ ಹೇಳಿಬಿಡಬೇಕೆಂದು ಎರಡು ಸಲ ಚಪ್ಪಲಿ ಮೆಟ್ಟಿದೆ. ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಅವರು ಕಿಟಕಿ ಪಕ್ಕ ಕೂತು ತೋಟಗಳನ್ನು ನೋಡುತ್ತ ಬಂದರು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದಾಗ ಚನ್ನಬಸಪ್ಪನವರು ಕಾರು ತಂದು ನಿಂತಿದ್ದರು. ಮನೆಯಲ್ಲಿ ಗಿರಿಜಮ್ಮ ಹಾಡು ಹಾಕಿದರು. ಸಾಹೇಬ್ರು ಸ್ಪೀಕರಿನ ಹತ್ತಿರ ಹೋಗಲೇ ಇಲ್ಲ. ಕಂಬದ ಹತ್ತಿರ, ಗಿರಿಜಮ್ಮ ದಿನಾ ಕೂರುವ ಜಾಗದಲ್ಲಿ ಕೂತರು. ಅರ್ಧ ಹಾಡಿಗೆ ಕೈ ಎತ್ತಿ ನಿಲ್ಲಿಸಿ ಎಂದರು. ಮನೆ ನಿಶ್ಶಬ್ದವಾದ ಮೇಲೆ ಎರಡೂ ಕೈ ಸೇರಿಸಿ ಜೋರಾಗಿ ಒಂದು ಚಪ್ಪಾಳೆ ತಟ್ಟಿದರು. ಅದು ಮೇಲೆಲ್ಲೋ ಹೋಗಿ ತರತರ ಎಂದು ವಾಪಸು ಬಂತು. ಸಾಹೇಬ್ರು ತಲೆ ಎತ್ತಿ ನೋಡಿದರು.

"ಅಟ್ಟ ಯಾವಾಗ ಇಳ್ಸಿದ್ರಿ ಗಿರಿಜಮ್ಮ?"

"ಯುಗಾದಿ ಆದ್ಮೇಲೆ. ಯಾಕೆ?"

"ಸೌಂಡ್ ಕೆಟ್ಟಿದ್ದು?"

ಗಿರಿಜಮ್ಮ ಬಾಯಿಗೆ ಸೆರಗು ಇಟ್ಟುಕೊಂಡರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಕಾಯಿ ಇಳ್ಸಿದ್ದು ನಾನೇ ಅಲ್ವಾ."

ನಾನೂ ತಲೆ ಎತ್ತಿದೆ. ನಡುಮನೆಯ ಮೇಲೆ ಬರೀ ಪಟ್ಟಿಗಳು, ಸಂದಿನಿಂದ ಹೆಂಚು ಕಾಣುತ್ತಿತ್ತು. ಸೆಟ್ಟು ಕೂರಿಸಿದ ದಿನ ಅಲ್ಲಿ ಸಿಪ್ಪೆ ಸಮೇತ ಸಾವಿರಾರು ಕಾಯಿ ಇದ್ದವು. ಸಿಪ್ಪೆಯ ನಾರು ಸದ್ದನ್ನು ಕುಡಿಯುತ್ತದೆ. ಅದಕ್ಕಿಂತ ಒಳ್ಳೆಯ ಮೇಲ್ಛಾವಣಿ ಯಾವ ಸ್ಟುಡಿಯೋದಲ್ಲೂ ಇರುವುದಿಲ್ಲ. ಕಾಯಿ ಇಳಿದ ಮೇಲೆ ಹಾಡು ಹೆಂಚಿಗೆ ಬಡಿದು ತಿರುಗಿ ಬರುತ್ತಿತ್ತು. ನಾನು ತುರುವೇಕೆರೆ ಕಡೆಯವಳು. ನಮ್ಮ ಮನೆಯಲ್ಲೂ ಅಟ್ಟವಿದೆ. ಕಾಯಿ ಇಳಿಸಿದ ವಾರ ಮನೆಯಲ್ಲಿ ಮಾತಾಡಿದರೆ ಗಂಟಲು ಬದಲಾದಂತೆ ಕೇಳುವುದು ನನಗೆ ಚಿಕ್ಕಂದಿನಿಂದ ಗೊತ್ತು. ಎರಡು ಸಲ ಆ ಕೋಣೆಗೆ ಬಂದು, ಮೈಕನ್ನು ಪೆಟ್ಟಿಗೆಯ ಬಾಯಿಗೇ ಹಿಡಿದು, ಲ್ಯಾಪ್‌ಟಾಪಿನಿಂದ ಕಣ್ಣು ಎತ್ತಿರಲಿಲ್ಲ.

ಸಾಹೇಬ್ರು ಹಿತ್ತಲಿನಿಂದ ಕಾಯಿಮಟ್ಟೆಯ ನಾರನ್ನು ಗೋಣಿಚೀಲಗಳಲ್ಲಿ ತುಂಬಿಸಿ ಅಟ್ಟದ ಮೇಲೆ ಹಾಸಿಸಿದರು. ಇಪ್ಪತ್ತು ಚೀಲ. ಚನ್ನಬಸಪ್ಪನವರು ತಾವೇ ಏಣಿ ಹತ್ತಿದರು. ಮತ್ತೆ ಹಾಡು ಹಾಕಿದಾಗ ಗದ್ದಲ ಹೋಗಿತ್ತು. ನಾನು ಬ್ಯಾಗು ಮುಚ್ಚಿದೆ. ಪೆಟ್ಟಿಗೆ ಬಿಚ್ಚುವ ಅಗತ್ಯವೇ ಇನ್ನಿಲ್ಲ.

ಗಿರಿಜಮ್ಮ ತಲೆ ಓರೆ ಮಾಡಿ ಕೇಳುತ್ತಿದ್ದರು. "ಗಲಾಟೆ ಹೋಯ್ತು. ಆದ್ರೆ ಈಗ ಕಂಬ್ಳಿ ಹೊದ್ಕೊಂಡು ಹಾಡ್ದಂಗೈತೆ. ಮೊದ್ಲಿನಂಗಿಲ್ಲ."

ಅದು ನನ್ನ ಆರು ಪಾಯಿಂಟ್ ಎಂಟು.

ಸಾಹೇಬ್ರು ನನ್ನ ಕಡೆ ತಿರುಗಲಿಲ್ಲ. ಸ್ಪೀಕರಿನ ಬಟ್ಟೆಯನ್ನು ನೋಡುತ್ತ, ಸ್ಪ್ಯಾನರ್ ಎಲ್ಲಿದೆ ಎಂದು ಕೇಳುವ ದನಿಯಲ್ಲೇ, "ಈಗ ಎಷ್ಟು ಇಟ್ಟಿದ್ದೀಯಮ್ಮ?" ಎಂದರು.

"ಆರು ಪಾಯಿಂಟ್ ಎಂಟು."

"ಅದಕ್ಕೆ ಮುಂಚೆ?"

"ನಾಲ್ಕು ಪಾಯಿಂಟ್ ಏಳು."

ತಾವು ಹಾಕಿದ ಎರಡು ಪಾಯಿಂಟ್ ಎರಡು ಏನಾಯಿತು ಎಂದು ಅವರು ಕೇಳಲಿಲ್ಲ. ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು. ಒಳಗೆ ನಾಲ್ಕು ಪಾಯಿಂಟ್ ಏಳಿನ ಒಂದು ಜೋಡಿ.

"ಇದೇ ಇರ್ಬೇಕು ಅಂತ ಬರ್ತಾನೇ ಹಾಕ್ಕೊಂಡು ಬಂದೆ. ಬೆಸಿ."

ನಾನು ಬೆಸೆದೆ. ಗಿರಿಜಮ್ಮ ಕಂಬಕ್ಕೆ ಒರಗಿ ಪೂರ್ತಿ ಹಾಡು ಕೇಳಿ, "ಬಂದ್ಲು ನೋಡು" ಎಂದರು. ಹಾಡುವವಳ ಬಗ್ಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಜನ ಕಡಿಮೆ. ನಾನು ಅವರ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಮುಖ ನೋಡದೆ ಕೇಳುವುದು ಸುಲಭವಾಗಿತ್ತು.

"ಯಾವಾಗಿಂದ ಗೊತ್ತಿತ್ತು ಸಾಹೇಬ್ರೇ?"

"ಎರಡನೇ ಸೆಟ್ಟಿಂದ." ಅವರೂ ತಿರುಗಲಿಲ್ಲ. "ನಾನು ಸ್ಕ್ರೂ ಬಿಗಿದ್ರೆ ತಲೆ ಮೇಲಿನ ಗೀರು ಒಂದೊಂದು ಒಂದೊಂದು ಕಡೆ ನೋಡ್ತಿರುತ್ತೆ. ನೀನು ಬಿಗಿದ್ರೆ ಎಂಟೂ ನೆಟ್ಟಗೆ, ಡ್ರಿಲ್ಲಿಗೆ ನಿಂತ ಸ್ಕೂಲು ಮಕ್ಕಳಂಗೆ. ಶನಿವಾರ ಬಂದು ನೋಡಿದ್ರೆ ಎಲ್ಲಾ ನೆಟ್ಟಗೆ."

ನಾನು ಮುಂದಿನ ಸೀಟಿನ ಕಂಬಿ ಹಿಡಿದು ಬಾಗಿದೆ.

"ಬೈಬೇಕಿತ್ತು ನೀವು."

"ಯಾಕೆ ಬೈಲಿ? ಸೆಟ್ಟು ಚೆನ್ನಾಗಿ ಹೋಗ್ತಿತ್ತು. ನನ್ನ ಕಿವಿ ನಂಗೆ ಗೊತ್ತಿಲ್ವಾ? ಬೆಳಿಗ್ಗೆ ಗುಬ್ಬಚ್ಚಿ ಬಾಯಿ ಆಡ್ಸುತ್ತೆ, ಸೌಂಡೇ ಇರಲ್ಲ." ಆಮೇಲೆ, "ಸೆಟ್ಟನ್ನ ಯಾವಾಗ್ಲೂ ಗುರುವಾರನೇ ಯಾಕೆ ಮುಗಿಸ್ತಿದ್ದೆ ಅಂದ್ಕೊಂಡೆ?" ಎಂದರು.

ಎರಡೂವರೆ ವರ್ಷ ನಾನು ಅದನ್ನು ಗಮನಿಸಿರಲಿಲ್ಲ. ಮೊದಲೆಲ್ಲ ಸೆಟ್ಟು ಯಾವ ದಿನ ಬೇಕಾದರೂ ಮುಗಿಯುತ್ತಿತ್ತು. ಆಮೇಲಿನ ಒಂದೊಂದೂ ಗುರುವಾರ ಸಂಜೆಗೆ ಮುಗಿದು, ಶುಕ್ರವಾರ ಮಧ್ಯಾಹ್ನಕ್ಕೆ ನನ್ನೆದುರಿಗೆ ಇರುತ್ತಿತ್ತು.

"ನೀನು ಹೇಳ್ತೀಯೇನೋ ಅಂತ ನೋಡ್ತಿದ್ದೆ ಬೇಟಾ," ಎಂದರು. "ಅಷ್ಟೇ ಒಂದು ಬೇಜಾರು. ಕಿವಿ ಹೋದ್ರೆ ಹೋಯ್ತು, ಬುಡು. ಒಂದೇ ಅಂಗಡೀಲಿ ಕೂತು ನೀನು ನಾನು ಕದ್ದುಮುಚ್ಚಿ ಕೆಲ್ಸ ಮಾಡಿದ್ವಲ್ಲ."

ತಿಪಟೂರು ಬಂತು. ಬಸ್‌ಸ್ಟ್ಯಾಂಡಿನಲ್ಲಿ ಅವರು ಇಳಿದು, ನಾನು ಇಳಿಯುವವರೆಗೆ ಕಾದು, ತಲೆಯಾಡಿಸಿ ಮನೆ ಕಡೆ ಹೋದರು. ಬೆನ್ನು ಸ್ವಲ್ಪ ಬಾಗಿತ್ತು. ಮೊದಲೂ ಬಾಗಿಯೇ ಇತ್ತೇನೋ, ನಾನು ನೋಡಿದ್ದು ಅವತ್ತು.

ಮಾರನೆಯ ಬೆಳಿಗ್ಗೆ ಅವರಿಗಿಂತ ಮುಂಚೆ ಹೋಗಿ ಷಟರ್ ಎತ್ತಿದೆ. ಪೆಪ್ಪರಮೆಂಟಿನ ಡಬ್ಬಿಯನ್ನು ಅವರ ಮೇಜಿನ ಮೇಲೆ ಮುಚ್ಚಳ ತೆಗೆದು ಇಟ್ಟೆ. ಉದ್ದನೆಯ ಪುಸ್ತಕ ತೆರೆದು, ಮೂವತ್ತೊಂದು ಸಾಲುಗಳಲ್ಲೂ ಅವರ ಅಂಕಿಯ ಪಕ್ಕ ನಾನು ಹಾಕಿದ ಅಂಕಿಯನ್ನು ಬರೆದೆ. ನಾಳೆ ಯಾರಾದರೂ ಆ ಪೆಟ್ಟಿಗೆ ಬಿಚ್ಚಿದರೆ ಒಳಗೆ ಇರುವುದೂ ಪುಸ್ತಕದಲ್ಲಿ ಇರುವುದೂ ಒಂದೇ ಆಗಿರಬೇಕು. "ಕೇಳಿದವರು" ಕಾಲಮ್ಮಿನಲ್ಲಿ ಅವರ ಸಹಿಯ ಕೆಳಗೆ ನನ್ನ ಸಹಿ ಹಾಕಿದೆ. ಹನ್ನೆರಡನೆಯ ಸಾಲಿಗೆ ಬಂದಾಗ ಅವರು ಒಳಗೆ ಬಂದರು. ನಾನು ಬರೆಯುವುದನ್ನು ನಿಲ್ಲಿಸಲಿಲ್ಲ. ಅವರು ಡಬ್ಬಿ ನೋಡಿದರು, ಒಂದು ಜೋಡಿ ಎತ್ತಿ ಚೀಟಿ ಓದಿದರು, ಇಟ್ಟರು. ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತರು.

ಬೆಂಚಿನ ಮೇಲೆ ಅರ್ಧ ಕಟ್ಟಿದ ಸೆಟ್ಟೊಂದಿತ್ತು. ಪುಸ್ತಕ ಮುಗಿಸಿ ಎದ್ದು, ಅದನ್ನು ಅವರ ಎದುರಿಗೆ ತಿರುಗಿಸಿ ಇಟ್ಟೆ. "ಕೆಳಗಿನ ಸ್ವರ ನೀವು ಹೇಳಿ ಸಾಹೇಬ್ರೇ, ಮೇಲಿಂದು ನಾನು ನೋಡ್ತೀನಿ" ಎಂದು ಹೇಳಿ, ಅವರು ನೋಡುತ್ತಿರುವಾಗಲೇ ಹಿಂದಿನ ಹಲಗೆಯ ಎಂಟು ಸ್ಕ್ರೂಗಳನ್ನು ಬಿಚ್ಚಿದೆ. ಅವತ್ತು ಮಂಗಳವಾರ.